ಪರಊರಿನಲ್ಲಿ ಸಿಪ್ಯಾಪ್ ಕೈಕೊಟ್ಟರೆ ಯಾವ ದಾರಿ ಹಿಡಿಯೋದು?

ಹೋದ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ತೀರ್ಥಹಳ್ಳಿ ಕಡೆ ಅಕ್ಕನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ರಾತ್ರಿ ಊಟ ಮುಗಿದು, ಎಲ್ಲರೂ ಜಗಲಿಯಲ್ಲಿ ಜಮಖಾನ ಹಾಸಿಕೊಳ್ಳುತ್ತಿದ್ದರು. ನನಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಕಾಯಿಲೆ. ಅದಕ್ಕೆ ರಾತ್ರಿ ಮಾಸ್ಕ್ ಹಾಕಿಕೊಂಡು ಬಳಸುವ, ಗಾಳಿ ಊದುವ ಮಿಷನ್ನೇ ಸಿಪ್ಯಾಪ್. ನಾನು ಒಳಗಿನ ಕೋಣೆಯಲ್ಲಿ ಅದನ್ನು ಹೊರಗೆ ತೆಗೆದು ಸ್ವಿಚ್ ಒತ್ತಿದೆ. ಗರ್ ಅಂತ ಒಂದು ಸದ್ದು, ಆಮೇಲೆ ಗುಳುಗುಳು, ಆಮೇಲೆ ಏನೂ ಇಲ್ಲ. ಹಿಂದಿನ ರಾತ್ರಿಯ ನೀರು ಡಬ್ಬಿಯಲ್ಲೇ ಉಳಿದಿತ್ತು, ಕಾರಿನ ಡಿಕ್ಕಿಯಲ್ಲಿ ಮಿಷನ್ ಮಗುಚಿಕೊಂಡು ಬಂದಿತ್ತು, ನೀರೆಲ್ಲ ಮೋಟಾರಿನೊಳಗೆ. ತಪ್ಪು ಪೂರ್ತಿ ನನ್ನದೇ. ಮರುದಿನ ಭಾನುವಾರ. ದೊಡ್ಡ ಊರು ಅಂದರೆ ಶಿವಮೊಗ್ಗ, ಅದು 60 ಕಿಲೋಮೀಟರ್ ದೂರ.

ಆ ಎರಡು ರಾತ್ರಿಯಲ್ಲಿ ಮನೆಮಂದಿಯೆಲ್ಲ ಒಂದೊಂದು ಸಲಹೆ ಕೊಟ್ಟರು. ಕೆಲವು ಒಳ್ಳೆಯವು, ಒಂದೆರಡು ಅಪಾಯದವು. ಯಾವ ದಾರಿ ಯಾರಿಗೆ ಸರಿ ಅಂತ ಆಮೇಲೆ ನನ್ನ ಡಾಕ್ಟರ ಹತ್ತಿರ ಕೂತು ಕೇಳಿದೆ, ಸ್ವಲ್ಪ ಓದಿಕೊಂಡೆ ಕೂಡ. ಇದು ಅದರ ಲೆಕ್ಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಿಷನ್ ಕೆಟ್ಟ ಕೂಡಲೇ ಎಲ್ಲರೂ ಹೆದರುವುದು ಆ ರಾತ್ರಿಗೆ. ಆದರೆ ಬೇರೆ ದೊಡ್ಡ ಕಾಯಿಲೆ ಇಲ್ಲದ ಹೆಚ್ಚಿನವರಿಗೆ ಒಂದೆರಡು ರಾತ್ರಿಗಿಂತ ದೊಡ್ಡ ಅಪಾಯ ಮರುದಿನ ಬೆಳಗ್ಗೆ ಕಾರಿನ ಕೀಲಿ ಕೈಗೆ ತೆಗೆದುಕೊಂಡಾಗ ಇರುತ್ತದೆ. ಹಾಗಾಗಿ ಎರಡೇ ಪ್ರಶ್ನೆ ಇಟ್ಟುಕೊಂಡು ಆಯ್ಕೆ ಮಾಡಿ: ಇನ್ನು ಎಷ್ಟು ರಾತ್ರಿ ಕಳೆಯಬೇಕು? ವಾಪಸ್ ಗಾಡಿ ಓಡಿಸುವವರು ಯಾರು?

ಕೆಟ್ಟಿದ್ದು ಯಾವುದು, ಅದನ್ನು ಮೊದಲು ನೋಡಿ

"ಮಿಷನ್ ಹೋಯ್ತು" ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳುವ ಮೊದಲು ಬೇರೆ ಪ್ಲಗ್ ಪಾಯಿಂಟಿಗೆ ಹಾಕಿ ನೋಡಿ. ಎಷ್ಟೋ ಸಲ ಹೋಗಿರುವುದು ಮಿಷನ್ ಅಲ್ಲ, ಅಡಾಪ್ಟರ್. ಹಾಗಂತ ಮನೆಯಲ್ಲಿರುವ ಯಾವುದೋ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಬೇಡಿ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಮತ್ತು 11 ಮಿಷನ್ ಎರಡಕ್ಕೂ 24 ವೋಲ್ಟ್ ಬೇಕು, ಆದರೆ ಒಂದರ ಪಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಫಿಲಿಪ್ಸ್ ಡ್ರೀಮ್‌ಸ್ಟೇಷನ್ 12 ವೋಲ್ಟಿನದು. ಮಿಷನ್ ಅಡಿಯಲ್ಲಿ ಅಂಟಿಸಿರುವ ಚೀಟಿಯ ಫೋಟೋ ಮೊಬೈಲಲ್ಲಿ ಇದ್ದರೆ ಅಂಗಡಿಯವರಿಗೆ ವಾಟ್ಸಾಪ್ ಮಾಡಿ ಕೇಳಬಹುದು.

ಟ್ಯೂಬ್ ಹರಿದಿದ್ದರೆ ಅದು ಸಮಸ್ಯೆಯೇ ಅಲ್ಲ. ಎಲೆಕ್ಟ್ರಿಕ್ ಅಂಗಡಿಯ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ, ವಾರ ದೂಡಬಹುದು. ಟ್ಯೂಬಿನ ಬಾಯಿ ಸಾಮಾನ್ಯವಾಗಿ 22 ಮಿಲಿಮೀಟರ್ ಅಳತೆಯದು, ಹಾಗಾಗಿ ಬೇರೆ ಕಂಪನಿಯ ಸಾದಾ ಟ್ಯೂಬ್ ಕೂಡ ಹೆಚ್ಚಿನ ಮಿಷನ್‌ಗಳಿಗೆ ಕೂರುತ್ತದೆ. ನಿಮ್ಮದು ಬಿಸಿಯಾಗುವ ಟ್ಯೂಬ್ ಆಗಿದ್ದರೆ ಆ ಬಿಸಿ ಸಿಗುವುದಿಲ್ಲ, ಅಷ್ಟೇ. ಮಾಸ್ಕಿನ ಪಟ್ಟಿ ಸಡಿಲವಾಗಿದ್ದರೆ ಟೈಲರ್ ಅಂಗಡಿಯ ಎಲಾಸ್ಟಿಕ್ ಸಾಕು. ನೀರಿನ ಡಬ್ಬಿ ಒಡೆದಿದ್ದರೆ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಂದ್ ಮಾಡಿ ಒಣಗಾಳಿಯಲ್ಲೇ ಮಲಗಿ. ಬೆಳಗ್ಗೆ ಮೂಗು, ಗಂಟಲು ಒಣಗಿರುತ್ತದೆ, ಒಂದು ಲೋಟ ಬಿಸಿನೀರು ಕುಡಿದರೆ ಸರಿಹೋಗುತ್ತದೆ.

ಮಾಸ್ಕ್ ಪೂರ್ತಿ ಹೋಗಿದ್ದರೆ ಮಾತ್ರ ಎಚ್ಚರ. ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಎಲ್ಲ ಮಾಸ್ಕೂ ಒಂದೇ ಅಲ್ಲ. ಸಿಪ್ಯಾಪ್ ಮಾಸ್ಕಿನಲ್ಲಿ ನಾವು ಬಿಟ್ಟ ಉಸಿರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಆಸ್ಪತ್ರೆಯ ವೆಂಟಿಲೇಟರ್‌ಗೆ ಬಳಸುವ ಕೆಲವು ಮಾಸ್ಕ್‌ಗಳಲ್ಲಿ ಆ ತೂತು ಇರುವುದಿಲ್ಲ. ನೋಡಲು ಎರಡೂ ಒಂದೇ ಥರ. ತೂತಿಲ್ಲದ್ದನ್ನು ಹಾಕಿಕೊಂಡರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಗೊತ್ತಾಗದಿದ್ದರೆ "ವೆಂಟೆಡ್ ಮಾಸ್ಕಾ?" ಅಂತ ಕೇಳಿ. ತೂತುಗಳಿಗೆ ಅಪ್ಪಿತಪ್ಪಿಯೂ ಟೇಪ್ ಅಂಟಿಸಬೇಡಿ.

ನನ್ನ ಥರ ಮೋಟಾರಿಗೇ ನೀರು ಹೋಗಿದ್ದರೆ ಪ್ಲಗ್ ಕಿತ್ತು ಬದಿಗಿಡಿ. ಅಕ್ಕನ ಮಗ ಹೇರ್ ಡ್ರೈಯರ್ ತಂದು ಊದಲು ಹೊರಟಿದ್ದ. ತಡೆದೆ.

ಹಾಗೇ ಮಲಗಿದರೆ ಏನಾಗುತ್ತದೆ?

ಸಿಪ್ಯಾಪ್ ಔಷಧವಲ್ಲ, ಊರುಗೋಲು. ನಿದ್ದೆಯಲ್ಲಿ ಗಂಟಲಿನ ಹಿಂಭಾಗ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಮಿಷನ್ ಗಾಳಿ ಊದಿ ಆ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸುಲ್ಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಪ್ರಕಟಿಸಿದಾಗ, ಶುರುವಿನ ಮಿಷನ್‌ಗಳಿಗೆ ವ್ಯಾಕ್ಯೂಮ್ ಕ್ಲೀನರ್ ಮೋಟಾರ್ ಹಾಕಿದ್ದರಂತೆ. ಮೂಲದಲ್ಲಿ ಇದು ಗಾಳಿ ಊದುವ ಫ್ಯಾನ್. ಹಾಗಾಗಿ ಐದು ವರ್ಷದಿಂದ ಬಳಸುತ್ತಿದ್ದೇನೆ, ಎರಡು ದಿನ ಬಿಟ್ಟರೆ ಅದೇ ಗುಣ ಮುಂದುವರಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಊರುಗೋಲು ಬಿಟ್ಟ ರಾತ್ರಿಯೇ ಹೆಚ್ಚಿನವರಿಗೆ ಗೊರಕೆ, ಉಸಿರು ನಿಲ್ಲುವುದು ಎರಡೂ ವಾಪಸ್ ಬರುತ್ತವೆ.

ಎಷ್ಟು ಕೆಟ್ಟದಾಗಿ ಬರುತ್ತದೆ ಅನ್ನುವುದು ನಿಮ್ಮ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ರಿಪೋರ್ಟಿನ ಎಎಚ್‌ಐ ಅಂಕಿಯ ಮೇಲಿದೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ ಎಂಬುದರ ಲೆಕ್ಕ ಅದು. 5ರಿಂದ 15 ಅಂದರೆ ಅಲ್ಪ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಲ್ಪ ಅಥವಾ ಮಧ್ಯಮ ಇದ್ದು ಬೇರೆ ಕಾಯಿಲೆ ಇಲ್ಲದವರು ಒಂದೆರಡು ರಾತ್ರಿ ಮಿಷನ್ ಇಲ್ಲದೆ ಕಳೆದು ಊರಿಗೆ ಬಂದು ಸರಿ ಮಾಡಿಸಿಕೊಳ್ಳಬಹುದು. ಅಂಕಿ 30 ದಾಟಿದವರು ಅಲ್ಲಿಂದಲೇ ಡಾಕ್ಟರಿಗೆ ಒಂದು ಫೋನ್ ಮಾಡಿ. ಹೃದಯದ ತೊಂದರೆ, ಶ್ವಾಸಕೋಶದ ಕಾಯಿಲೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು, ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿರುವವರು "ಹಾಗೇ ಮಲಗುತ್ತೇನೆ" ಎಂಬ ಆಯ್ಕೆಯನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಇದರಲ್ಲಿ ಧೈರ್ಯ ತೋರಿಸುವ ಕೆಲಸ ಬೇಡ.

ಹಾಗೇ ಮಲಗುವುದೇ ಸರಿ ಅಂತಾದರೆ, ಅಂಗಾತ ಮಾತ್ರ ಮಲಗಬೇಡಿ. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುವುದು ಜಾಸ್ತಿ. ಮಗ್ಗುಲಾಗಿ ಮಲಗಿದರೆ ಬಹಳ ಜನಕ್ಕೆ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತದೆ. ತೊಂದರೆ ಏನೆಂದರೆ, ಮಗ್ಗುಲಾಗಿ ಮಲಗಿದವರು ರಾತ್ರಿ ಒಂದು ಗಂಟೆಗೆ ತಾನಾಗಿ ಅಂಗಾತ ಹೊರಳಿರುತ್ತೇವೆ. ಅದಕ್ಕೆ ಟೆನಿಸ್ ಬಾಲ್ ಉಪಾಯ. ಅಕ್ಕನ ಮಗನ ಕ್ರಿಕೆಟ್ ಆಡುವ ಟೆನಿಸ್ ಬಾಲನ್ನು ಒಂದು ಹಳೇ ಕಾಲುಚೀಲಕ್ಕೆ ಹಾಕಿ, ನನ್ನ ಬನಿಯನ್ನಿನ ಬೆನ್ನಿಗೆ ಹೊಲಿದು ಕೊಡು ಅಂದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, "ಏನೋ ಇದು, ಈ ವಯಸ್ಸಲ್ಲಿ ಬೆನ್ನಿಗೆ ಬಾಲ್ ಕಟ್ಕೊಂಡು ಮಲಗ್ತೀಯಾ?" ಅಂತ ನಗುತ್ತಲೇ ಹೊಲಿದಳು. ಹೊರಳಿದಾಗೆಲ್ಲ ಚುಚ್ಚಿ ಎಚ್ಚರವಾಗುತ್ತಿತ್ತು. ಸುಖದ ನಿದ್ದೆ ಅಲ್ಲ, ಆದರೆ ಬೆಳಗ್ಗೆ ತಲೆ ಸಿಡಿಯುವಂಥ ನೋವು ಇರಲಿಲ್ಲ.

ಜೊತೆಗೆ ತಲೆ ಮತ್ತು ಬೆನ್ನಿನ ಮೇಲ್ಭಾಗ ಎರಡನ್ನೂ ಎತ್ತರ ಮಾಡಿಕೊಳ್ಳಿ. ಬರೀ ಎರಡು ದಿಂಬು ಪೇರಿಸಿದರೆ ಕುತ್ತಿಗೆ ಮುಂದಕ್ಕೆ ಬಾಗಿ ದಾರಿ ಇನ್ನಷ್ಟು ಇಕ್ಕಟ್ಟಾಗಬಹುದು, ಅದಕ್ಕೆ ಬೆನ್ನಿನ ಕೆಳಗಿಂದಲೇ ಇಳಿಜಾರಾಗುವಂತೆ ಹಾಸಿಗೆ ಮಡಚಿ ಹಾಕಬೇಕು. ಮನೆಯಲ್ಲಿ ಹಳೇ ಆರಾಮ ಕುರ್ಚಿ ಇದ್ದರೆ ಇನ್ನೂ ಒಳ್ಳೆಯದು. ಮೂಗು ಕಟ್ಟಿದ್ದರೆ ಹಬೆ ತೆಗೆದುಕೊಳ್ಳಿ. ಮತ್ತೆ, ನೆಂಟರು ಸೇರಿದ ಕಡೆ "ಒಂದೇ ಒಂದು ಪೆಗ್" ಅನ್ನುವವರು ಇದ್ದೇ ಇರುತ್ತಾರೆ ಅಲ್ವಾ? ಆ ರಾತ್ರಿ ಬೇಡವೇ ಬೇಡ. ಗುಂಡು, ನಿದ್ದೆ ಮಾತ್ರೆ ಎರಡೂ ಗಂಟಲಿನ ಸ್ನಾಯುವನ್ನು ಮತ್ತಷ್ಟು ಸಡಿಲ ಮಾಡುತ್ತವೆ.

ಮಿಷನ್ ಇಲ್ಲದೆ ನಿದ್ದೆ ಬರುವುದಿಲ್ಲ ಅಂತ ನಿದ್ದೆ ಮಾತ್ರೆ ನುಂಗುವುದಂತೂ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಬೇರೆಯವರ ಮಿಷನ್, ಬಾಡಿಗೆ ಮಿಷನ್, ಮತ್ತೆ ಆ ಆಕ್ಸಿಜನ್ ಡಬ್ಬ

ಭಾವ ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅಪ್ಪಯ್ಯಂಗೆ ಕೋವಿಡ್ ಟೈಮಲ್ಲಿ ತಂದ ಆಕ್ಸಿಜನ್ ಮಿಷನ್ ಅಟ್ಟದ ಮೇಲಿದೆ, ಇಳಿಸ್ಲಾ?" 2021ರ ಎರಡನೇ ಅಲೆಯ ಹೊತ್ತಿಗೆ ಕೊಂಡ ಕಾನ್ಸಂಟ್ರೇಟರ್‌ಗಳು ಈಗಲೂ ಎಷ್ಟೋ ಮನೆಗಳಲ್ಲಿ ಧೂಳು ಹಿಡಿದು ಕೂತಿವೆ, ಹಾಗಾಗಿ ಈ ಸಲಹೆ ನಿಮಗೂ ಬಂದೇ ಬರುತ್ತದೆ. ಬೇಡ ಅನ್ನಿ. ಬಾಗಿಲು ಮುಚ್ಚಿಕೊಳ್ಳುತ್ತಿರುವುದು ನಮ್ಮ ತೊಂದರೆ, ಹೊರಗೆ ಎಷ್ಟು ಆಕ್ಸಿಜನ್ ಇಟ್ಟರೂ ಮುಚ್ಚಿದ ಬಾಗಿಲು ತೆರೆಯುವುದಿಲ್ಲ. ಕೆಲವರಲ್ಲಿ ಉಸಿರು ನಿಲ್ಲುವ ಅವಧಿ ಉದ್ದವಾಗಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದೂ ಉಂಟು. ಡಾಕ್ಟರು ಬರೆದುಕೊಟ್ಟಿದ್ದರೆ ಮಾತು ಬೇರೆ.

ನೆಂಟರಲ್ಲಿ ಯಾರದೋ ಸಿಪ್ಯಾಪ್ ಒಂದು ರಾತ್ರಿಗೆ ಸಿಕ್ಕರೆ? ಇದು ಅಷ್ಟು ಸುಲಭದ ಪ್ರಶ್ನೆ ಅಲ್ಲ. ಈ ಮಿಷನ್‌ಗಳು 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಗಾಳಿ ಊದುತ್ತವೆ. ನಿಮಗೆ 12 ಬೇಕು, ಅವರದ್ದು 7ಕ್ಕೆ ನಿಂತಿದೆ ಅಂದರೆ ಮಾಸ್ಕ್ ಹಾಕಿಕೊಂಡ ಸಮಾಧಾನ ಮಾತ್ರ ಸಿಗುತ್ತದೆ, ಕೆಲಸ ಆಗುವುದಿಲ್ಲ. ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಮಿಷನ್ ಆಗಿದ್ದು ಅದರ ಮಿತಿಯೊಳಗೆ ನಿಮ್ಮ ಒತ್ತಡ ಬರುವಂತಿದ್ದರೆ ಪರವಾಗಿಲ್ಲ. ಮಾಸ್ಕ್, ಟ್ಯೂಬ್ ನಿಮ್ಮದೇ ಹಾಕಿ, ಫಿಲ್ಟರ್ ಬದಲಿಸಿ. ಆದರೆ ಒಂದು ಮಾತು: ಅವರ ರಾತ್ರಿಯ ಗತಿ ಏನು? ಬಳಸುತ್ತಿರುವವರಿಂದ ಕಿತ್ತುಕೊಂಡು ಬರಬೇಡಿ. ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ಹಳೇ ಫಿಲಿಪ್ಸ್ ಮಿಷನ್ ಆಗಿದ್ದರೆ ಇನ್ನೊಂದು ವಿಷಯ ನೋಡಿ. 2021ರ ಜೂನ್‌ನಲ್ಲಿ ಆ ಕಂಪನಿ ತನ್ನ ಹಳೇ ಮಾದರಿಗಳನ್ನು ದೊಡ್ಡ ಪ್ರಮಾಣದಲ್ಲಿ ವಾಪಸ್ ಕರೆದಿತ್ತು. ಒಳಗಿನ ಸದ್ದು ತಗ್ಗಿಸುವ ಫೋಮ್ ಪುಡಿಯಾಗಿ ಗಾಳಿಯ ಜೊತೆ ಬರುವ ಸಾಧ್ಯತೆ ಇತ್ತು ಎಂಬ ಕಾರಣಕ್ಕೆ. ಟ್ಯೂಬಿನಲ್ಲಿ ಕಪ್ಪು ಪುಡಿ ಕಂಡರೆ ಮುಟ್ಟಬೇಡಿ.

ಉಸಿರು ಎಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್ ಮಿಷನ್ ಕೂಡ ಅಷ್ಟೇ, ಹೆಸರು ಹತ್ತಿರ, ಕೆಲಸ ಬೇರೆ. ಕೆಲವು ಬೈಪ್ಯಾಪ್‌ಗಳಲ್ಲಿ ಸಿಪ್ಯಾಪ್ ಮೋಡ್ ಇರುತ್ತದೆ, ಆದರೆ ಅದನ್ನು ಬದಲಿಸುವುದು ಗೊತ್ತಿರುವವರ ಕೆಲಸ.

ಮೂರು ನಾಲ್ಕು ರಾತ್ರಿಗಿಂತ ಜಾಸ್ತಿ ಉಳಿಯುವುದಿದ್ದರೆ ಬಾಡಿಗೆಯೇ ವಾಸಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಮಂಚ, ವೀಲ್‌ಚೇರ್ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ವಿಚಾರಿಸಿ. ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಬಾಡಿಗೆ, ಮೇಲೆ ಅಡ್ವಾನ್ಸ್ ಕೇಳುತ್ತಾರೆ, ಮೂರು ದಿನಕ್ಕೆ ಅಂದರೆ ಚೌಕಾಸಿ ಮಾಡಬೇಕಾಗುತ್ತದೆ. ಡಾಕ್ಟರ ಚೀಟಿಯಲ್ಲಿ ಒತ್ತಡದ ಅಂಕಿ ಬರೆದಿದ್ದರೆ ಅಂಗಡಿಯವರೇ ಸೆಟ್ ಮಾಡಿ ಕೊಡುತ್ತಾರೆ. ಅಂಕಿ ಗೊತ್ತಿಲ್ಲದೆ ಹೋದರೆ ಅರ್ಧ ದಿನ ಫೋನಿನಲ್ಲೇ ಹೋಗುತ್ತದೆ. ನಾನು ಶಿವಮೊಗ್ಗದ ಎರಡು ಕಡೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ, ಇನ್ನೊಬ್ಬರು "ಸೋಮವಾರ ಬನ್ನಿ ಸಾರ್" ಅಂದರು. ಸೋಮವಾರ ನಾನು ಊರಿಗೆ ಹೊರಟಾಗಿರುತ್ತಿತ್ತು.

ಹೊಸದನ್ನೇ ಕೊಂಡುಬಿಡಲಾ ಅಂತ ಆ ರಾತ್ರಿ ನನಗೂ ಅನ್ನಿಸಿತ್ತು. ಗಾಬರಿಯಲ್ಲಿ ಕೊಳ್ಳಬೇಡಿ. ವಾರಂಟಿ ಇನ್ನೂ ಇದೆಯೋ ನೋಡದೆ ಅಷ್ಟು ದುಡ್ಡು ಸುರಿಯುವುದು ದಡ್ಡತನ.

ಎರಡನೇ ಮಿಷನ್ ಇಟ್ಟುಕೊಳ್ಳಬೇಕಾ?

ತಿಂಗಳಿಗೆ ಎರಡು ಮೂರು ಸಲ ಊರೂರು ಸುತ್ತುವವರಿಗೆ ಸಣ್ಣ ಟ್ರಾವೆಲ್ ಮಿಷನ್ ಯೋಚಿಸುವಂಥದ್ದೇ. ರೆಸ್‌ಮೆಡ್‌ನ ಏರ್‌ಮಿನಿ ಬರೀ 300 ಗ್ರಾಂ, ಜೇಬಿಗೆ ಹಾಕಿಕೊಳ್ಳುವಷ್ಟು ಚಿಕ್ಕದು, ನೀರಿನ ಡಬ್ಬಿಯೇ ಇಲ್ಲ, ಹಾಗಾಗಿ ನನ್ನ ಥರ ಮುಳುಗಿಸುವ ಭಯವೂ ಇಲ್ಲ. ಕಿರಿಕಿರಿ ಅಂದರೆ ಅದಕ್ಕೆ ಅದರದೇ ಟ್ಯೂಬ್, ಕೆಲವೇ ಮಾಸ್ಕುಗಳು ಹೊಂದುತ್ತವೆ. ಹಳ್ಳಿಯಲ್ಲಿ ಅದರ ಟ್ಯೂಬ್ ಹರಿದರೆ ಸಾದಾ ಟ್ಯೂಬ್ ಕೂರುವುದಿಲ್ಲ. ಚಿಕ್ಕ ಮಿಷನ್ ಸದ್ದೂ ದೊಡ್ಡದಕ್ಕಿಂತ ಸ್ವಲ್ಪ ಜಾಸ್ತಿ ಅನ್ನಿಸಬಹುದು.

ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವ ನನ್ನಂಥವರಿಗೆ ಅದು ದುಬಾರಿ ವಿಮೆ. ಅದರ ಬದಲು ಒಂದು ಹೆಚ್ಚುವರಿ ಅಡಾಪ್ಟರ್, ಒಂದು ಮಾಸ್ಕಿನ ಕುಶನ್, ಒಂದು ಸಾದಾ ಟ್ಯೂಬ್ ಇಟ್ಟುಕೊಂಡರೆ ಪ್ರಯಾಣದಲ್ಲಿ ಬರುವ ಹೆಚ್ಚಿನ ತೊಂದರೆಗೆ ಸಾಕು. ಹೊಸ ಮಿಷನ್ ಕೊಂಡಾಗ ಚೆನ್ನಾಗಿಯೇ ಓಡುತ್ತಿರುವ ಹಳೆಯದನ್ನು ಮಾರಿಬಿಡಬೇಡಿ, ಅದೇ ನಿಮ್ಮ ಎರಡನೇ ಮಿಷನ್.

ಹಲ್ಲಿನ ಡಾಕ್ಟರು ಮಾಡಿಕೊಡುವ, ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಎಳೆದು ಹಿಡಿಯುವ ಸಾಧನ ಇನ್ನೊಂದು ದಾರಿ. ಅಲ್ಪ, ಮಧ್ಯಮ ತೊಂದರೆಯವರಲ್ಲಿ ಬಹಳ ಜನಕ್ಕೆ ಹೊಂದುತ್ತದೆ, ಕರೆಂಟ್ ಬೇಡ, ಸೋಪಿನ ಡಬ್ಬಿಯಲ್ಲಿ ಹಿಡಿಸುತ್ತದೆ. ಆದರೆ ಅಚ್ಚು ತೆಗೆದು, ಮಾಡಿಸಿ, ದಿನದಿನಕ್ಕೆ ಹೊಂದಿಸಿಕೊಳ್ಳಲು ವಾರಗಟ್ಟಲೆ ಬೇಕು. ಮಿಷನ್ ಕೆಟ್ಟ ರಾತ್ರಿ ಓಡಿಹೋಗಿ ತರುವಂಥದ್ದಲ್ಲ. ಪ್ರಯಾಣ ಜಾಸ್ತಿ ಇರುವವರು ಮೊದಲೇ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ನನ್ನ ಬಾಲಿಗಿಂತ ನೂರು ಪಾಲು ವಾಸಿ.

ಮಿಷನ್ ಸರಿ ಇದೆ, ಕರೆಂಟೇ ಇಲ್ಲ

ಮಲೆನಾಡಿನಲ್ಲಿ ಮಳೆಗಾಲದ ಮಾತು ಇದು. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹೋಮ್‌ಸ್ಟೇಗೆ ಫೋನ್ ಮಾಡಿ "ಯುಪಿಎಸ್ ಇದೆಯಾ?" ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಕೇಳಬೇಕಾದದ್ದು ಅದಲ್ಲ. ಮಂಚದ ಹತ್ತಿರದ ಪ್ಲಗ್ ಪಾಯಿಂಟ್ ಯುಪಿಎಸ್ ಲೈನಿನಲ್ಲಿದೆಯಾ ಅಂತ ಕೇಳಿ. ಬಹಳ ಕಡೆ ಲೈಟು, ಫ್ಯಾನು ಮಾತ್ರ ಆ ಲೈನಿನಲ್ಲಿರುತ್ತವೆ. ಹ್ಯೂಮಿಡಿಫೈಯರ್, ಬಿಸಿ ಟ್ಯೂಬ್ ಬಂದ್ ಮಾಡಿದರೆ ಸಿಪ್ಯಾಪ್ ಒಂದು ಸೀಲಿಂಗ್ ಫ್ಯಾನಿನಷ್ಟೂ ಕರೆಂಟ್ ತಿನ್ನುವುದಿಲ್ಲ, ಇದನ್ನು ಹೇಳಿದರೆ ಮನೆಯವರು ಎಕ್ಸ್‌ಟೆನ್ಶನ್ ಎಳೆದು ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಬ್ಯಾಟರಿಯ ಲೆಕ್ಕವೂ ಅದೇ. ಮಿಷನ್ 10 ವ್ಯಾಟ್ ತಿನ್ನುತ್ತದೆ ಅಂತಿಟ್ಟುಕೊಂಡರೆ 100 ವ್ಯಾಟ್ ಅವರ್ ಬ್ಯಾಟರಿ ಕಾಗದದ ಮೇಲೆ 10 ಗಂಟೆ, ಸೋರಿಕೆ ಕಳೆದು ಏಳೆಂಟು ಗಂಟೆ, ಅಂದರೆ ಒಂದು ರಾತ್ರಿ. ಹ್ಯೂಮಿಡಿಫೈಯರ್ ಹಾಕಿದಿರೋ, ನಡುರಾತ್ರಿಯೇ ಮುಗಿಯುತ್ತದೆ. ಮೊಬೈಲಿನ ಸಾದಾ ಪವರ್ ಬ್ಯಾಂಕ್ 5 ವೋಲ್ಟಿನದು, ನಡೆಯುವುದಿಲ್ಲ. ನಿಮ್ಮ ಮಿಷನ್ನಿನ ವೋಲ್ಟಿಗೆ ಹೊಂದುವ ಬ್ಯಾಟರಿಯೇ ಬೇಕು. ವಿಮಾನದಲ್ಲಿ 100 ವ್ಯಾಟ್ ಅವರ್ ತನಕ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿಷನ್ನನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ.

ರೈಲಿನಲ್ಲಿ ಬರ್ತ್ ಪಕ್ಕದ ಪಾಯಿಂಟ್ 110 ವೋಲ್ಟಿನದು. ನಮ್ಮ ಅಡಾಪ್ಟರ್‌ಗಳು 100ರಿಂದ 240ರವರೆಗೆ ತಡೆಯುವುದರಿಂದ ಅದೇನೂ ತೊಂದರೆಯಲ್ಲ. ತೊಂದರೆ ಬೇರೆ. ಬೆಂಕಿ ಅನಾಹುತಗಳ ನಂತರ 2021ರಲ್ಲಿ ರೈಲ್ವೆ, ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಈ ಪಾಯಿಂಟುಗಳನ್ನು ಬಂದ್ ಮಾಡಲು ಸೂಚಿಸಿತ್ತು. ನಮಗೆ ಕರೆಂಟ್ ಬೇಕಾಗುವುದೇ ಆ ಹೊತ್ತಿನಲ್ಲಿ! ಹಾಗಾಗಿ ರೈಲಿನ ಪಾಯಿಂಟನ್ನು ನಂಬಿ ಹೊರಡಬೇಡಿ. ಒಂದೇ ರಾತ್ರಿಯ ಪ್ರಯಾಣಕ್ಕೆ ನಾನು ಮಿಷನ್ ಹೊರಗೆ ತೆಗೆಯುವುದೇ ಇಲ್ಲ, ಹಗಲು ರೈಲು ಹಿಡಿಯುತ್ತೇನೆ. ಬಸ್ಸಿನ ಸ್ಲೀಪರ್‌ಗಿಂತ ಹಿಂದಕ್ಕೆ ಬಾಗುವ ಸೀಟೇ ನಮ್ಮಂಥವರಿಗೆ ಮೇಲು, ಅಂಗಾತ ಆಗುವ ಪ್ರಶ್ನೆಯೇ ಇಲ್ಲ.

ಎತ್ತರದ ಬಗ್ಗೆ ಕೆಲವರು ಕೇಳುತ್ತಾರೆ. ಏರ್‌ಸೆನ್ಸ್ 10 ಸುಮಾರು 2,590 ಮೀಟರ್ ಎತ್ತರದವರೆಗೆ ಕೆಲಸ ಮಾಡುವಂತೆ ಮಾಡಿರುವುದು. ನಮ್ಮ ಮುಳ್ಳಯ್ಯನಗಿರಿ ತುದಿಯೂ 2,000 ಮೀಟರ್ ಮುಟ್ಟುವುದಿಲ್ಲ, ನಿಶ್ಚಿಂತೆಯಿಂದಿರಿ. ಲೇಹ್ 3,500 ಮೀಟರ್, ಅಲ್ಲಿಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿಯೇ ಹೋಗಿ.

ಮತ್ತೆ ಆ ಕಾರಿನ ಕೀಲಿ

ಎರಡು ರಾತ್ರಿ ಬಾಲ್ ಬನಿಯನ್ನಿನಲ್ಲಿ ಕಳೆದ ಮೇಲೆ ನನಗೆ ಚೆನ್ನಾಗಿಯೇ ಇದ್ದೇನೆ ಅನ್ನಿಸಿತ್ತು. ಕಾಫಿ ಕುಡಿದು ಹೊರಡುತ್ತೇನೆ ಅಂದೆ. ಹೆಂಡತಿ ಕೀಲಿ ಎತ್ತಿಟ್ಟುಕೊಂಡು, "ರೀ, ನಿನ್ನೆ ಮಧ್ಯಾಹ್ನ ಹೋಳಿಗೆ ಕೈಯಲ್ಲಿ ಹಿಡ್ಕೊಂಡೇ ತೂಕಡಿಸ್ತಿದ್ರಿ" ಅಂದಳು. ನನಗೆ ಅದರ ನೆನಪೇ ಇರಲಿಲ್ಲ. ಈ ಕಾಯಿಲೆಯ ಮೋಸವೇ ಇದು, ತೂಕಡಿಸುವವನಿಗೆ ತಾನು ತೂಕಡಿಸಿದ್ದು ಗೊತ್ತಾಗುವುದಿಲ್ಲ. ಅಕ್ಕನ ಮಗ ಬೆಂಗಳೂರಿನವರೆಗೂ ಓಡಿಸಿದ, ವಾಪಸ್ ರೈಲಿಗೆ ಅವನಿಗೆ ಟಿಕೆಟ್ ಮಾಡಿಸಿದೆ. ಅವನು ಸಿಗದಿದ್ದರೆ ಡ್ರೈವರ್ ಮಾಡಿಕೊಳ್ಳುತ್ತಿದ್ದೆ, ಇಲ್ಲವೇ ಕಾರನ್ನು ಅಲ್ಲೇ ಬಿಟ್ಟು ಬಸ್ ಹತ್ತುತ್ತಿದ್ದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯ ಕಡೆ ಹೋದವರಾದರೆ ಇದರಲ್ಲಿ ಚರ್ಚೆಯೇ ಬೇಡ. ಕಿಟಕಿ ಇಳಿಸುವುದು, ಹಾಡು ಜೋರಾಗಿ ಹಾಕುವುದು, ಕಾಫಿ ಮೇಲೆ ಕಾಫಿ, ಯಾವುದೂ ನಿದ್ದೆಯ ಬದಲಿ ಅಲ್ಲ.

ಇನ್ನೊಂದು ಗುಂಪಿನವರಿಗೆ ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಐದಾರು ತಿಂಗಳು ಹೋಗುವ ಅಪ್ಪ ಅಮ್ಮಂದಿರು. ಅಲ್ಲಿ ಅಡಾಪ್ಟರಿಗೆ ವೋಲ್ಟೇಜ್ ಸಮಸ್ಯೆ ಇಲ್ಲ, ಪ್ಲಗ್ಗಿನ ಆಕಾರ ಬದಲಿಸುವ ಚಿಕ್ಕ ಕನ್ವರ್ಟರ್ ಸಾಕು. ಆದರೆ ಇಲ್ಲಿಯ ಥರ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಮಿಷನ್ ತರಲು ಆಗುವುದಿಲ್ಲ. ಅಲ್ಲಿ ಮಿಷನ್‌ಗೂ ಮಾಸ್ಕಿಗೂ ಡಾಕ್ಟರ ಚೀಟಿ ಬೇಕೇ ಬೇಕು, ಟ್ಯೂಬ್, ಫಿಲ್ಟರ್‌ಗೆ ಬೇಡ. ಹಾಗಾಗಿ ಇಲ್ಲಿಂದಲೇ ಎರಡು ಮಾಸ್ಕ್ ಒಯ್ಯಿರಿ. ಸ್ಲೀಪ್ ಸ್ಟಡಿ ರಿಪೋರ್ಟ್, ಒತ್ತಡದ ಅಂಕಿ ಬರೆದ ಇಂಗ್ಲಿಷ್ ಚೀಟಿ, ಎರಡರ ಪ್ರತಿಯನ್ನೂ ಕೈಚೀಲದಲ್ಲಿಡಿ, ಫೋಟೋ ತೆಗೆದು ಮಗಳ ಮೊಬೈಲಿಗೂ ಕಳಿಸಿಡಿ. ಮತ್ತೆ ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಬೆಳಗ್ಗೆ, ಆ ನೀರಿನ ಡಬ್ಬಿ ಖಾಲಿ ಮಾಡಿ ಒರೆಸಿಡಿ.